ಗೋಡೆ ದಾಟಿದ ಕಾಗದದ ಹೂ

ಶಿರಾ
೧೨ ಫೆಬ್ರವರಿ ೨೦೨೫

ನನ್ನ ಬಿಂದುವಿಗೆ ನಾಹಿದಾಳ ನೆನಪುಗಳು.

ಮಧುಗಿರಿಯಲ್ಲಿ ಮನೆ, ಮಕ್ಕಳು, ಆಫೀಸು ಎಲ್ಲ ಹೇಗಿವೆ? ಫೋನಿನಲ್ಲಿ ಹೇಳಲು ಹೋದರೆ ನಡುವೆಯೇ ಅತ್ತುಬಿಡುತ್ತೇನೆ, ನೀನು ಬಯ್ಯುತ್ತೀಯ. ಅದಕ್ಕೇ ಬರೆಯಲು ಕೂತೆ.

ನಮ್ಮ ಕಾಂಪೌಂಡಿನ ಕಾಗದದ ಹೂವಿನ ಗಿಡವನ್ನು ತಮ್ಮ ರಿಯಾಜ್ ಈ ಶುಕ್ರವಾರ ಕಡಿಯುತ್ತಾನೆ. ಅಮ್ಮಿ ಕೈಯಾರೆ ನೆಟ್ಟ ಗಿಡ. ಅವರು ತೀರಿಕೊಂಡ ಮೇಲೂ ಗೋಡೆಯ ಮೇಲೆ ಆ ರಾಣಿ ಬಣ್ಣ ಕಂಡರೆ ಅಮ್ಮಿ ಇಲ್ಲೇ ಅಂಗಳದಲ್ಲಿದ್ದಾರೆ ಅನ್ನಿಸುತ್ತಿತ್ತು. ಇನ್ನು ಅದೂ ಇಲ್ಲ. ನನಗೆ ತುಂಬಾ ಸಂಕಟವಾಗುತ್ತಿದೆ ಕಣೇ.

ಬೇರು ನಮ್ಮ ಕಡೆ, ಬಿಸಿಲು ನಿಮ್ಮ ಕಡೆ. ಬಣ್ಣವೆಲ್ಲ ಗೋಡೆ ದಾಟಿ ನಿಮ್ಮ ಅಂಗಳಕ್ಕೇ ಉದುರುತ್ತಿತ್ತಲ್ಲ. ಬೆಳಿಗ್ಗೆ ಎದ್ದರೆ ನಿಮ್ಮಪ್ಪ ಪೊರಕೆ ಹಿಡಿದು, ದೇವರಿಗಿಲ್ಲ, ಮುಡಿಗಿಲ್ಲ, ಇದೂ ಒಂದು ಹೂವೇನಮ್ಮ ಜೈನಾಬಿ ಎಂದು ಪಾವಗಡ ಬಸ್ಸಿನಲ್ಲಿ ಟಿಕೆಟ್ ಕೂಗುವ ಗಂಟಲಿನಲ್ಲೇ ಕೂಗುವುದು. ಚಂದ ನಿಮಗೆ, ಮುಳ್ಳು ನಮಗೆ, ಇನ್ನೇನು ಬೇಕು ಭಾಯಿ ಎಂದು ಅಮ್ಮಿ ಈಚೆಯಿಂದ ನಗುವುದು. ಆ ಗಲಾಟೆಗೇ ನಾವಿಬ್ಬರೂ ಏಳುತ್ತಿದ್ದೆವು. ಅವರು ಗುಡಿಸಿದ ರಾಶಿಯಿಂದ ಆರಿಸಿ, ಎಂಜಲು ಹಚ್ಚಿ, ಉಗುರಿಗೆ ಅಂಟಿಸಿಕೊಂಡು ಮದುಮಗಳ ಆಟ ಆಡುತ್ತಿದ್ದೆವು. ಅದು ಹೂವೇ ಅಲ್ಲ, ಬಣ್ಣದ ಎಲೆ, ನಿಜವಾದ ಹೂ ನಡುವಿನ ಬಿಳಿ ಚುಕ್ಕಿ ಎಂದು ವಿಜ್ಞಾನದ ಮೇಡಂ ಹೇಳಿದ ದಿನ ನೀನು ಸಿಟ್ಟಿಗೆ ಊಟ ಬಿಟ್ಟಿದ್ದೆ. ಈಗ ನೆನೆದರೂ ನಗು ಬರುತ್ತದೆ.

ಮೊನ್ನೆ ನಿಮ್ಮಪ್ಪ ಸೊಂಟ ಹಿಡಿದುಕೊಂಡು ಗುಡಿಸುವುದನ್ನು ರಿಯಾಜ್ ನೋಡಿದನಂತೆ. ಆಪಾ, ದೊಡ್ಡವರಿಗೆ ಈ ವಯಸ್ಸಿನಲ್ಲಿ ನಮ್ಮ ಗಿಡದಿಂದ ತೊಂದರೆ ಬೇಡ ಎಂದ. ನ್ಯಾಯದ ಮಾತು. ಸರಿ ಅಂದೆ. ಆಮೇಲೆ ಮಿಶಿನ್ನಿನ ಮುಂದೆ ಕೂತು ಯಾರದೋ ಬ್ಲೌಸಿಗೆ ತೋಳನ್ನು ಉಲ್ಟಾ ಹೊಲಿದೆ.

ಆ ಗಿಡ ಕಾಣುವ ಹಳೆಯ ಫೋಟೋ ನಿನ್ನ ಹತ್ತಿರ ಇದ್ದರೆ ಕಳಿಸು.

ನಿನ್ನ
ನಾಹಿದಾ

ತಾ.ಕ.: ಇವತ್ತು ಶುಕ್ರವಾರ. ಕಾಗದವನ್ನು ಇನ್ನೂ ಅಂಚೆಗೆ ಹಾಕಿರಲಿಲ್ಲ. ರಿಯಾಜ್ ಮಚ್ಚು ಎತ್ತಿದ್ದೇ ತಡ, ನಿಮ್ಮಪ್ಪ ಗೇಟು ತಳ್ಳಿಕೊಂಡು ಬಂದು ಗಿಡಕ್ಕೆ ಅಡ್ಡ ನಿಂತುಬಿಟ್ಟರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿಲ್ಲ ಬಿಂದು. “ಕಡೀಬ್ಯಾಡ ಕಣ್ಲಾ. ನಿಮ್ಮಮ್ಮ ಹೋದ್ಮ್ಯಾಕೆ ಬಯ್ಯಕ್ಕೆ ನಂಗೆ ಉಳ್ದಿರೋದು ಇದೊಂದೇ” ಅಂದರು.