ಶನಿವಾರದ ಸಡಿಲ ಬೆಲ್ಟು

ನಮ್ಮ ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಶನಿವಾರ ಬೆಳಿಗ್ಗೆ

ನನ್ನ ಪ್ರೀತಿಯ, ಮುದ್ದಿನ, ದೂರದ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಇಳಿಯಿತೇ? ಆ ಹೊಸ ಕಟ್ಟಡದ ಮೆಟ್ಟಿಲಿಗೆ ಮರದ ಕಂಬಿ ಕಡೆಯುವ ಕೆಲಸ ಎಲ್ಲಿಗೆ ಬಂತು? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ, ಇಲ್ಲ ಮರದ ಪುಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀರಾ? ನಾನು ಚೆನ್ನಾಗಿದ್ದೇನೆ, ಅಂದರೆ ಚೆನ್ನಾಗಿಲ್ಲ. ನಿಮ್ಮ ದಿಂಬಿಗೆ ನಿಮ್ಮದೇ ನೀಲಿ ಅಂಗಿ ತೊಡಿಸಿ ಮಲಗುತ್ತೇನೆ, ನಗಬೇಡಿ. ಇಂಗ್ಲಿಷ್ ಶಾಲೆಯವಳು ಕನ್ನಡದಲ್ಲಿ ಪ್ರೇಮಪತ್ರ ಬರೆಯಲಾರಳು ಎಂದು ಕಿಚಾಯಿಸಿದ್ದಿರಲ್ಲ, ಇಗೋ ಬರೆಯುತ್ತಿದ್ದೇನೆ. ಆದರೆ ಇದರಲ್ಲಿ ಅರ್ಧ ಪ್ರೇಮ, ಅರ್ಧ ದೂರು. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ಎಷ್ಟು ತೆಳು ಎಂದು ನಿಮಗೇ ಗೊತ್ತು.

ದೂರು ನಿಮ್ಮ ಅಮ್ಮನ ಮೇಲೆ. ಬೇಸರ ಮಾಡಿಕೊಳ್ಳದೆ ಓದಿ. ಬೀದಿಯ ಮಕ್ಕಳಿಗೆ ಲೇತಿನಲ್ಲಿ ಮರ ಕಡೆಯುವುದನ್ನು ಕಲಿಸಬೇಕು ಎಂಬುದು ನಿಮ್ಮ ಕನಸು. ಮದುವೆಗೆ ಮೊದಲು ನನ್ನೊಡನೆ ಮಾತಾಡಿದ್ದೆಲ್ಲ ಅದನ್ನೇ. ನಾನು ಮನಸೋತಿದ್ದೂ ಅದಕ್ಕೇ. ಅತ್ತೆಗೆ ಮಾತ್ರ ಅದು ಮೊದಲಿನಿಂದಲೂ ಬೇಡವಾಗಿತ್ತು. "ತಿರುಗೋ ಮರದ ಮುಂದೆ ಮಕ್ಕಳನ್ನ ನಿಲ್ಸೋದು ಹುಡುಗಾಟ ಅಲ್ಲ ಕಣೋ" ಎಂದು ಊಟದ ನಡುವೆಯೇ ಎದ್ದು ಹೋಗಿದ್ದರು. ನೀವು ಅವಸರದಲ್ಲಿ ಹೊರಡಬೇಕಾಗಿ ಬಂದಾಗ ಅದೇ ಅತ್ತೆ, "ನಾನೇ ಕಲಿಸ್ತೀನಿ, ಹೋಗು" ಎಂದುಬಿಟ್ಟರು. ಮಾವನ ಜೊತೆ ಜೀವಮಾನವಿಡೀ ಲೇತಿನ ಮುಂದೆ ನಿಂತವರು, ನಿಜ. ಆದರೂ ಇಷ್ಟು ಸುಲಭವಾಗಿ ಒಪ್ಪಿದ್ದೇಕೆ? ಅವತ್ತೇ ನನಗೆ ಎಲ್ಲೋ ಏನೋ ಹೊಗೆಯಾಡಿತು.

ಈಗ ಬೆಂಕಿಯನ್ನೇ ಕಂಡಿದ್ದೇನೆ. ಪ್ರತಿ ಶನಿವಾರ ಮಕ್ಕಳು ಬರುವುದಕ್ಕೆ ಮುಂಚೆ ಅತ್ತೆ ಒಬ್ಬರೇ ಲೇತಿನ ಶೆಡ್ಡಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ಬಟ್ಟೆ ಒಣಹಾಕುವ ನೆಪದಲ್ಲಿ ಕಿಟಕಿಯಿಂದ ಇಣುಕಿದೆ. ಸ್ಪ್ಯಾನರ್ ಹಿಡಿದು ಮೋಟಾರಿನ ಬೋಲ್ಟ್ ಸಡಿಲಿಸುತ್ತಿದ್ದರು. ಮೋಟಾರಿನ ಓಟವನ್ನು ಮರಕ್ಕೆ ಮುಟ್ಟಿಸುವ ಬೆಲ್ಟು, ನೀವು ತಂತಿಯ ಹಾಗೆ ಬಿಗಿಯಾಗಿಡುವ ಬೆಲ್ಟು, ಅವರ ಕೈಯಲ್ಲಿ ಹಳೇ ಲಂಗದ ಲಾಡಿಯ ಹಾಗೆ ಜೋತುಬೀಳುತ್ತದೆ. ಆಮೇಲೆ ಪಾಠದಲ್ಲಿ ಏನಾಗುತ್ತದೆ ಕೇಳಿ. ಮಗು ಉಳಿಯನ್ನು ಸ್ವಲ್ಪ ಜೋರಾಗಿ ಒತ್ತಿತೋ, ತಿರುಗುವ ಮರ ನಿಂತೇ ಹೋಗುತ್ತದೆ. ಬೇಕರಿಯವರ ಮಗಳು, ಜಡೆಯನ್ನೆಲ್ಲ ಟೋಪಿಯೊಳಗೆ ತುರುಕಿಕೊಂಡು ಬರುವವಳು, ತಮ್ಮನಿಗಾಗಿ ಬುಗುರಿ ಕಡೆಯುತ್ತಿದ್ದಾಳೆ. ಹೋದ ವಾರ ಅದು ಎಷ್ಟು ಸಲ ನಿಂತಿತೆಂದರೆ ಪಾಪ, ಅಳು ನುಂಗಿಕೊಂಡಳು. ಅತ್ತೆಯೋ, "ನಿಂತಿತಾ? ಒಳ್ಳೇದಾಯ್ತು. ಮತ್ತೆ ಮೊದಲಿಂದ" ಎಂದು ಖುಷಿಪಟ್ಟರು. ಮೆಷೀನು ನಿಂತರೆ ಹಿಗ್ಗುವ ಮೇಷ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಿಕ್ಕಿದ್ದರಲ್ಲಿ ಮಹಾ ಕಟ್ಟುನಿಟ್ಟು. ತೋಳು ಮೊಣಕೈ ಮೇಲಿರಬೇಕು, ಕಣ್ಣಿಗೆ ದಪ್ಪ ಕನ್ನಡಕ ಇರಬೇಕು, ಒಬ್ಬರು ಕಡೆಯುವಾಗ ಉಳಿದವರು ಸುಣ್ಣದ ಗೆರೆಯಾಚೆ ನಿಲ್ಲಬೇಕು. ಗೆರೆ ತುಳಿದರೆ ಸ್ವಿಚ್ ಆಫ್. ಇದೆಲ್ಲ ಮಕ್ಕಳಿಗೆ ಸಾಕುಸಾಕು ಮಾಡಿ ಓಡಿಸುವ ಉಪಾಯವೇ ಎಂದು ನನಗೆ ಗುಮಾನಿ. ಪಕ್ಕದ ಮನೆಯ ಟೈಲರಮ್ಮ ನನ್ನ ಅಳತೆ ತೆಗೆಯುತ್ತ, "ಹೀಗೇ ನಿಂತು ನಿಂತು ಹೋದ್ರೆ ಒಂದು ಮಗೂನೂ ಬರಲ್ಲ ನೋಡ್ತಿರು. ಕೊನೆಗೆ ನಿಮ್ಮತ್ತೆ ಹೇಳಿದ್ದೇ ಆಗೋದು" ಎಂದರು. ನಾನು ನೇರವಾಗಿಯೇ ಒಮ್ಮೆ ಕೇಳಿದೆ, ಬೆಲ್ಟು ಯಾಕತ್ತೆ ಸಡಿಲ ಎಂದು. "ಬಳೆ ಹಾಕ್ಕೊಂಡು ಮೆಷೀನ್ ಹತ್ರ ಬರಬೇಡ ಅಂದಿದ್ದೆನಲ್ಲ" ಎಂದರು. ಇದು ಉತ್ತರವೇ? ನೀವೇ ಹೇಳಿ.

ಅದಕ್ಕೇ ಇವತ್ತು ಬಳೆ ತೆಗೆದಿಟ್ಟೆ. ಅತ್ತೆ ತಮ್ಮ ಕೈಚಳಕ ಮುಗಿಸಿ ಸ್ನಾನಕ್ಕೆ ಹೋದರು. ನಾನು ಶೆಡ್ಡಿಗೆ ಹೋಗಿ ಬೋಲ್ಟನ್ನು ಗಟ್ಟಿಯಾಗಿ ತಿರುಗಿಸಿದೆ. ನನ್ನ ಕೈಮೇಲೆ ಕೈಯಿಟ್ಟು ನೀವೇ ಕಲಿಸಿದ್ದು, ನೆನಪಿದೆಯಾ? ಹೊಸದಾಗಿ ಮದುವೆಯಾದವರು ಬೆಟ್ಟ, ಸಮುದ್ರ ಎಂದು ಹೋಗುತ್ತಾರೆ. ನಾವು ಬೋಲ್ಟ್ ತಿರುಗಿಸಿದೆವು, ನನಗೆ ಅದೇ ಸ್ವರ್ಗ. ಈಗ ಬೆಲ್ಟು ಮೀಟಿದರೆ ಟಣ್ ಎನ್ನುತ್ತದೆ. ಇವತ್ತು ಆ ಹುಡುಗಿಯ ಬುಗುರಿ ಮುಗಿದೇ ಮುಗಿಯುತ್ತದೆ. ಅತ್ತೆಯ ಮುಖ ಹೇಗಾಗುತ್ತದೋ ನೋಡಬೇಕು.

ಗೇಟು ಕಿರ್ರೆಂದಿತು, ಮಕ್ಕಳು ಬಂದರು. ಕನ್ನಡಕ ಹಂಚುವುದು ನನ್ನ ಕೆಲಸ, ಏಳುತ್ತೇನೆ. ಮೈ ಕಡೆ ಗಮನವಿರಲಿ. ಕನಸಿನಲ್ಲಾದರೂ ದಿನಾ ಈ ಕಡೆ ಬಂದುಹೋಗಿ.

ನಿಮ್ಮ ಹುಚ್ಚಿ,
ನಿಮ್ಮ ಅರ್ಧ ಮೇಸ್ತ್ರಿ

ತಾ.ಕ.: ಮಧ್ಯಾಹ್ನವಾಗಿದೆ. ಮಕ್ಕಳು ಒಳಗೆ ಕಾಲಿಡುವ ಮೊದಲು ಅತ್ತೆ ಪ್ರತಿ ಸಲ ಒಂದು ತುಂಡು ಮರ ಸಿಕ್ಕಿಸಿ, ಬೇಕೆಂದೇ ಅದಕ್ಕೆ ಉಳಿಯನ್ನು ತಪ್ಪಾಗಿ ಒತ್ತಿ ನೋಡುತ್ತಾರಂತೆ. ಬೆಲ್ಟು ಜಾರಿ ಮರ ನಿಂತರೆ ಸರಿ, ಮಕ್ಕಳ ಕೈಗೆ ಅಪಾಯವಿಲ್ಲ. ನಾನು ವರಾಂಡದಲ್ಲಿ ಕನ್ನಡಕ ಹಂಚುತ್ತಿರುತ್ತೇನಲ್ಲ, ಎಂದೂ ನೋಡಿರಲಿಲ್ಲ. ಇವತ್ತು ಮರ ನಿಲ್ಲಲಿಲ್ಲ. ಉಳಿಯನ್ನು ಕಚ್ಚಿ ಕಿತ್ತು, ಅವರ ಮಣಿಕಟ್ಟಿಗೆ ಬಡಿದು, ಗೋಡೆಗೆ ಎಸೆಯಿತು. ಸರದಿಯಲ್ಲಿ ಮೊದಲು ನಿಂತಿದ್ದವಳು ಬೇಕರಿಯವರ ಮಗಳು. ಅತ್ತೆ ಸ್ವಿಚ್ ಆರಿಸಿ, ಬಾಗಿಲಲ್ಲಿ ಬೆಪ್ಪಾಗಿ ನಿಂತ ಮಕ್ಕಳಿಗೆ, "ನೋಡಿದ್ರಾ? ದೊಡ್ಡವರ ಹತ್ರ ಮೆಷೀನ್ ಗೆದ್ರೂ ಪರವಾಗಿಲ್ಲ. ನಿಮ್ಮ ಹತ್ರ ಅದು ಸೋಲಬೇಕು" ಎಂದರು. ಆಮೇಲೆ ಬಳೆಯಿಲ್ಲದ ನನ್ನ ಬರಿಗೈಯನ್ನು ಒಂದು ಗಳಿಗೆ ನೋಡಿದರು. ಸ್ಪ್ಯಾನರನ್ನು ನನಗೇ ಕೊಟ್ಟು, ಮಕ್ಕಳಿಗೆ ಕೇಳದಷ್ಟು ಮೆಲ್ಲಗೆ, "ನೀನೇ ಸಡಿಲ ಮಾಡಮ್ಮ. ಎಷ್ಟು ಬಿಗಿದಿದ್ದೀಯ ಅಂತ ನಿನಗೇ ಗೊತ್ತು" ಎಂದರು.

ಮೂಳೆ ಮುರಿದಿಲ್ಲ, ಊದಿದೆ ಅಷ್ಟೇ ಎಂದರು ಡಾಕ್ಟರು. ಫೋನಿನಲ್ಲಿ ನೀವು ಕೇಳಿದರೆ ಶೆಡ್ಡಿನ ಬಾಗಿಲಿಗೆ ಕೈ ಸಿಕ್ಕಿತು ಎನ್ನುತ್ತಾರೆ. ಟೈಲರಮ್ಮನಿಗೂ ಹಾಗೆಯೇ ಹೇಳಿದ್ದಾರೆ. ನಂಬಿದವರ ಹಾಗೆ ಇದ್ದುಬಿಡಿ.