ಟೊಲೆಡೊದಲ್ಲಿ ಸಮುದ್ರವಿಲ್ಲ

ಪ್ರೀತಿಯ ವಾಸು ಮಾಮನಿಗೆ,

‘ಪ್ರೀತಿಯ’ ಎಂದು ಬರೆದದ್ದು ಬರೀ ಅಭ್ಯಾಸದಿಂದ. ನಿಜ ಹೇಳಬೇಕೆಂದರೆ ಸಿಟ್ಟು ನೆತ್ತಿಗೇರಿದೆ. ತೀರಿಕೊಂಡವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ ಅಮ್ಮ. ಬದುಕಿದ್ದಾಗ ಸಿಕ್ಕಿಬೀಳದೆ ಜಾರಿಕೊಂಡವರ ಮೇಲೆ ಮತ್ತೆ ಯಾವಾಗ ಸಿಟ್ಟು ಮಾಡುವುದು? ಟೊಲೆಡೊದಲ್ಲಿ ಸಮುದ್ರವಿಲ್ಲ, ಮಾಮ. ಇಲ್ಲವೇ ಇಲ್ಲ.

ಶುಕ್ರವಾರದ ಊಟ ನೆನಪಾಗುತ್ತದೆ. ಮೆಸಯೀದ್‌ನ ಕಂಪನಿ ಕ್ವಾರ್ಟರ್ಸಿನಿಂದ ಹೊರಟು ದೋಹಾದ ಅಲ್ ಹಿಲಾಲ್‌ನ ನಮ್ಮ ಮನೆ ಮುಟ್ಟುವಷ್ಟರಲ್ಲಿ ನಿಮಗೆ ಹಸಿವು ಕೆರಳಿರುತ್ತಿತ್ತು. ಅಪ್ಪನ ಶಾಲೆಯ ಗೆಳೆಯ ಎಂಬ ಹಕ್ಕಿನಲ್ಲಿ ಬಂಗುಡೆಯ ದೊಡ್ಡ ತುಂಡು ನಿಮಗೇ. ಅದು ಮುಗಿದ ಮೇಲೆ ನಾನೂ ತಂಗಿ ದೀಕ್ಷಾಳೂ ಕಥೆಗೆ ಪೀಡಿಸುತ್ತಿದ್ದೆವು. ಯಾವ ಕಥೆ? ಇದ್ದದ್ದೇ ಒಂದು. ಕಂಪನಿಯವರು ನಿಮ್ಮನ್ನು ಸ್ಪೇನಿಗೆ ಟ್ರೈನಿಂಗಿಗೆ ಕಳಿಸಿದ್ದು, ರಜೆಯ ದಿನ ನೀವೊಬ್ಬರೇ ಟೊಲೆಡೊಗೆ ಹೋದದ್ದು, ಗುಡ್ಡದ ಮೇಲಿನ ಕೋಟೆಗೋಡೆಗೆ ಒರಗಿ ನಿಂತದ್ದು. ಕೆಳಗೆ ಸಮುದ್ರ, ಉಪ್ಪು ಗಾಳಿ, ಥೇಟ್ ನಮ್ಮ ಮಲ್ಪೆಯಂತೆ ದೋಣಿಗಳ ಸಾಲು. ಎಷ್ಟು ಸಲ ಕೇಳಿದ್ದೇವೋ, ಲೆಕ್ಕವಿಲ್ಲ.

ಮ್ಯಾಡ್ರಿಡ್‌ನಲ್ಲಿ ಸೀಟು ಸಿಕ್ಕಿತೆಂದು ನಾನು ಹೇಳಿದ ದಿನ ಅಪ್ಪ ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಹೆಣ್ಣುಹುಡುಗಿ, ಒಬ್ಬಳೇ, ಗುರುತು ಪರಿಚಯ ಇಲ್ಲದ ದೇಶ... ಶುಕ್ರವಾರ ನೀವು ಬಂದಿರಿ, ಕೈ ತೊಳೆಯುತ್ತಲೇ ಕೇಳಿದಿರಿ: “ನಾನು ಹೋಗಿ ಕಣ್ಣಾರೆ ನೋಡಿ ಬಂದವ ಹೇಳುದಲ್ವಾ ಮಾರಾಯ? ಒಳ್ಳೆ ಜನ. ಹುಡುಗಿಯನ್ನು ಕಳಿಸು, ಎಂತ ಆಗುದಿಲ್ಲ.” ಅಷ್ಟೇ ಸಾಕಾಯಿತು. ಅಮ್ಮನ ಅಳು, ನನ್ನ ಮಾರ್ಕು ಯಾವುದೂ ಮಾಡದ ಕೆಲಸವನ್ನು ನಿಮ್ಮ ಆ ಒಂದು ಮಾತು ಮಾಡಿತು.

ನಾನು ಹೋದ ಮೂರನೇ ತಿಂಗಳಿಗೆ ನಿಮ್ಮ ಹೃದಯ ನಿಂತಿತು. ಬರಲಾಗಲಿಲ್ಲ, ಪರೀಕ್ಷೆ ಇತ್ತು. ಅದಕ್ಕೇ ಪರೀಕ್ಷೆ ಮುಗಿದ ಮೊದಲ ಶನಿವಾರ ಬೆಳಿಗ್ಗೆ ಟೊಲೆಡೊ ರೈಲು ಹತ್ತಿದೆ. ನೀವು ನಿಂತಲ್ಲಿ ಒಂದು ಗಳಿಗೆ ನಿಲ್ಲಬೇಕೆಂದಿತ್ತು. ಕಲ್ಲು ಹಾಸಿದ ಕಿರುದಾರಿಗಳು, ಕತ್ತಿ ಮಾರುವ ಅಂಗಡಿಗಳು, ಬಾದಾಮಿ ಮಿಠಾಯಿ, ಎಲ್ಲ ಇತ್ತು. ಗೋಡೆಯೂ ಸಿಕ್ಕಿತು. ಬಗ್ಗಿ ನೋಡಿದರೆ ಕೆಳಗೆ ಹಸಿರು ನೀರಿನ ಒಂದು ಹೊಳೆ! ಮಿಠಾಯಿ ಅಂಗಡಿಯ ಅಜ್ಜಿಯನ್ನು ಸಮುದ್ರ ಯಾವ ಕಡೆ ಎಂದು ಕೇಳಿದೆ. ನನ್ನ ಸ್ಪ್ಯಾನಿಷ್ ಕೆಟ್ಟದೆಂದುಕೊಂಡು ಅವರು ಎರಡು ಸಲ ಕೇಳಿಸಿಕೊಂಡರು. ಆಮೇಲೆ ನಗು ತಡೆಯಲಾಗದೆ ಒಳಗಿನಿಂದ ಮಗಳನ್ನೂ ಕರೆದರು. ಸಮುದ್ರಕ್ಕೆ ರೈಲಿನಲ್ಲಿ ಗಂಟೆಗಟ್ಟಲೆ ಹೋಗಬೇಕಂತೆ. ಮ್ಯಾಪ್ ನೋಡಬಾರದಿತ್ತೇ ಎಂದು ನೀವು ಕೇಳಬೇಡಿ. ಚಿಕ್ಕಂದಿನಿಂದ ಮನೆಯಲ್ಲೇ ಇದ್ದ ಸಮುದ್ರವನ್ನು ಯಾರು ಮ್ಯಾಪಿನಲ್ಲಿ ಹುಡುಕುತ್ತಾರೆ?

ರಜೆಗೆ ದೋಹಾಕ್ಕೆ ಬಂದವಳು ನಿಮ್ಮ ರೂಮ್‌ಮೇಟ್ ಲ್ಯಾನ್ಸಿ ಅಂಕಲ್ಲನ್ನು ಬಿಡಲಿಲ್ಲ. ಊಟಕ್ಕೆ ಬಂದಿದ್ದರು, ಹೊರಟಾಗ ಕಾರಿನವರೆಗೂ ಹೋಗಿ, ನೀವು ಸ್ಪೇನಿಗೆ ಹೋದದ್ದು ನಿಜವೇ ಎಂದು ಕೇಳಿದೆ. ಅವರು ತೆರೆದಿದ್ದ ಕಾರಿನ ಬಾಗಿಲನ್ನು ಮತ್ತೆ ಮುಚ್ಚಿ ಹೇಳಿದರು:

“ಲಿಸ್ಟಿನಲ್ಲಿ ಹೆಸರಿತ್ತು ಮಗಾ, ವೀಸಾವೂ ಆಗಿತ್ತು. ಹೋಗ್ಲಿಕ್ಕೆ ನಾಲ್ಕು ದಿನ ಇರುವಾಗ ಡಿಗ್ರಿ ಇಲ್ಲ ಅಂತ ಹೇಳಿ ಖಲಾಸ್, ಹೊಸ ಇಂಜಿನಿಯರನ್ನು ಕಳಿಸಿದ್ರು. ವಾಸು ನಿಮ್ಮ ಮನೆಯಲ್ಲೆಲ್ಲ ಹೋಗ್ತೇನೆ ಅಂತ ಹೇಳಿ ಆಗಿತ್ತಲ್ಲ. ಎರಡು ವಾರ ನಿಮ್ಮಲ್ಲಿಗೂ ಬಾರದೆ ರೂಮಿನಲ್ಲೇ ಕೂತ.”

ನಿಮ್ಮ ಮಂಚದ ಮೇಲೆ ಟೊಲೆಡೊದ ಚಿತ್ರವಿದ್ದ ಹಳೇ ಕ್ಯಾಲೆಂಡರ್ ಇತ್ತಂತೆ, ಮಷಿನ್ ಜೋಡಿಸಲು ಬಂದಿದ್ದ ಸ್ಪೇನಿನವನೊಬ್ಬ ಕೊಟ್ಟದ್ದು. ಗುಡ್ಡ, ಗೋಡೆ, ಕೆಳಗಿನ ಅಂಚಿನಲ್ಲಿ ಒಂದಿಷ್ಟು ನೀರು. ಮಲ್ಪೆಯವರಿಗೆ ನೀರು ಕಂಡರೆ ಸಮುದ್ರವಲ್ಲದೆ ಇನ್ನೇನು?

ಹದಿನೆಂಟು ವರ್ಷ ಕಂಪನಿಯ ಆ ಕಂಪ್ರೆಸರ್ ಮಷಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದವರು ನೀವು. ಹೋಗಿ ಬಂದ ಆ ಇಂಜಿನಿಯರ್ ಕೂಡ ಮಷಿನ್ ಕೈಕೊಟ್ಟಾಗ ನಿಮ್ಮನ್ನೇ ಕರೆಯುತ್ತಿದ್ದನಂತೆ. ಕೆಲಸಕ್ಕೆ ಬೇಡದ ಡಿಗ್ರಿ ವಿಮಾನಕ್ಕೆ ಬೇಕಾಯಿತೇ? ನಾಚಿಕೆಯಾಗಬೇಕಾದವರು ಅವರು. ನೀವು ಯಾಕೆ ಅಡಗಿ ಕೂತಿರಿ? ಮೂರನೇ ಶುಕ್ರವಾರ ಇಲ್ಲೇ ಸೂಪರ್ ಮಾರ್ಕೆಟಿನಿಂದ ಚಾಕಲೇಟ್ ಕೊಂಡು, ಸ್ಪೇನಿನದು ಎಂದು ನಮ್ಮ ಕೈಗಿಟ್ಟಿರಲ್ಲ, ಆ ಡಬ್ಬ ಇನ್ನೂ ನನ್ನ ಕಪಾಟಿನಲ್ಲಿದೆ ಗೊತ್ತೇ? ಕಳಿಸಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅಪ್ಪ ನಗುತ್ತಿದ್ದರೇ? ನಿಮ್ಮ ಪರವಾಗಿ ಬೈಯಲು ನಮ್ಮ ಮನೆಯಲ್ಲಿ ನಾಲ್ಕು ಬಾಯಿಗಳಿದ್ದವು. ಅದು ಹೋಗಲಿ. ಕಾಲಿಡದ ದೇಶಕ್ಕೆ ಕಣ್ಣಾರೆ ಕಂಡೆನೆಂದು ಆಣೆ ಮಾಡಿದವರಂತೆ ಹೇಳಿ ನನ್ನನ್ನು ಕಳಿಸಿದಿರಲ್ಲ, ನನಗೇನಾದರೂ ಆಗಿದ್ದರೆ...

ಆದರೆ ಆಗಲಿಲ್ಲ. ಜನ ಒಳ್ಳೆಯವರೇ. ಅಷ್ಟು ನಕ್ಕ ಆ ಅಜ್ಜಿ ಕೊನೆಗೆ ಒಂದು ಹಿಡಿ ಮಿಠಾಯಿ ಕಟ್ಟಿಕೊಟ್ಟರು. ಅದನ್ನಾದರೂ ಹೇಗೆ ಸರಿಯಾಗಿ ಹೇಳಿದಿರಿ ಎಂಬುದೇ ನನಗೆ ಅರ್ಥವಾಗದ ವಿಷಯ.

ಹೋದ ಶುಕ್ರವಾರ ಅಪ್ಪ ನನ್ನ ಫೋಟೋಗಳನ್ನು ಕೇಳಿದರು. ಒಂದೊಂದಾಗಿ ನೋಡಿ, ಕನ್ನಡಕ ತೆಗೆದು, “ವಾಸು ಹೇಳಿದ ಸಮುದ್ರ ಎಲ್ಲಿ ಮಗಾ?” ಎಂದರು. ನಿಜ ನಾಲಿಗೆಯ ತುದಿಗೆ ಬಂದಿತ್ತು. ನೀವು ಕೂರುತ್ತಿದ್ದ ಕುರ್ಚಿಯನ್ನು ಅಪ್ಪ ಈಗಲೂ ಬೇರೆಯವರಿಗೆ ಕೊಡುವುದಿಲ್ಲ, ಮಾಮ.

“ಗೋಡೆಯ ಆಚೆಗಿದೆ. ಫೋಟೋದಲ್ಲಿ ಬರ್ಲಿಲ್ಲ” ಎಂದೆ.

ಅಪ್ಪನಿಗೆ ಸಮಾಧಾನವಾಯಿತು. ನನಗೆ ಆಗಿಲ್ಲ, ನಿಮ್ಮನ್ನು ಇನ್ನೂ ಕ್ಷಮಿಸಿಲ್ಲ. ಆದರೂ ನೀವು ಕೇಳದೆ ಹೋದ ಸುದ್ದಿಯೊಂದಿದೆ. ದೀಕ್ಷಾಳಿಗೂ ಅಲ್ಲೇ ಸೀಟು ಸಿಕ್ಕಿದೆ. ಈ ಸಲ ಅಪ್ಪ ಊಟ ಬಿಟ್ಟು ಏಳಲಿಲ್ಲ. “ವಾಸು ನೋಡಿ ಬಂದ ದೇಶ ಅಲ್ವಾ?” ಎಂದು ಹೇಳಿ ಪೆನ್ನು ಕೇಳಿ ಅವಳ ಕಾಗದಗಳಿಗೆ ಸಹಿ ಹಾಕಿದರು. ಅವಳು ಹೊರಡುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡಬೇಕು, ಅಪ್ಪ ಕೇಳಿದರೆ ಟೊಲೆಡೊದಲ್ಲಿ ಸಮುದ್ರ ಇದೆ ಎಂದು.

ನಿಮ್ಮ ಮೇಲೆ ಸಿಟ್ಟಿನಲ್ಲಿರುವ,
ದೊಡ್ಡವಳು