ಗಂಗಲಕ್ಷ್ಮಿ ಸಿಸ್ಟರ್ ಕೈ

ಜೂನ್ 3, ಸೋಮವಾರ

ಬೆಳಗ್ಗೆಯಿಂದ ಮೂರು ಕ್ಯಾತೆಟರ್, ಮೂತ್ರ ಇಳಿಸೋ ಪೈಪ್. ಮೂವರೂ ಗಂಡಸರು, ಮೂವರದೂ ಒಂದೇ ರಾಗ — "ಗಂಡು ನರ್ಸ್ ಇಲ್ವಾ?" ಇಲ್ಲ ಕಣಪ್ಪ. ಮೂತ್ರ ಕಟ್ಟಿ ಹೊಟ್ಟೆ ಮಡಕೆಯಾಗಿದ್ದರೂ ನಾಚಿಕೆ. ಇಪ್ಪತ್ತಾರು ವರ್ಷದಿಂದ ನೋಡ್ತಾ ಇದ್ದೀನಿ... ನೋಡೋಕೆ ಅಂಥದ್ದೇನಿದೆ? ಮೀಸೆ ತಿರುವುತ್ತ ಬಂದವನೊಬ್ಬ ಜೆಲ್ಲಿ ಹಚ್ಚುವಷ್ಟರಲ್ಲೇ "ಅವ್ವಾ" ಅಂದ.

ಕೊನೆಯವನಿಗೆ ಡಾಕ್ಟರ್ ಬಸವಕುಮಾರ್ ಎರಡು ಸಲ ಹಾಕಲು ಹೋಗಿ ಸೋತರು. "ಗಂಗಲಕ್ಷ್ಮಿ ಸಿಸ್ಟರ್‌ನ ಕರೀರಿ." ಹೋಗಿ ಹಾಕಿದೆ. ಓದಿದ್ದು ಅವರು, ಕೈ ನನ್ನದು.

ಹೊಸ ನರ್ಸ್ ಮಧುಶ್ರೀ ಪ್ರತಿಯೊಬ್ಬರ ಹತ್ತಿರವೂ ಕಥೆ ಕೇಳುತ್ತ ಕೂರುತ್ತಾಳೆ. ಯಾವಾಗಿಂದ, ಹೇಗೆ, ಮುಂಚೆ ಆಗಿತ್ತಾ... ನರ್ಸೋ, ಜನಗಣತಿಯವಳೋ!

ಜೂನ್ 5, ಬುಧವಾರ, ಸಂಜೆ

ಮಧ್ಯಾಹ್ನ ಬಂದವನು ದಂಡಿನಶಿವರದ ಕಾಡಸಿದ್ದಪ್ಪ. ಐವತ್ತೆಂಟು, ಕೊಬ್ಬರಿ ವ್ಯಾಪಾರ. ಬೆಳಗ್ಗೆಯಿಂದ ಮೂತ್ರ ಬಂದಿಲ್ಲ. ಮದುವೆಗೆ ಹೊರಟವನ ಹಾಗೆ ಮಡಿಕೆ ಮುರಿಯದ ಪಂಚೆ. ಏನಾಯ್ತು ಅಂದರೆ "ಏನೂ ಇಲ್ಲ ಕಣಮ್ಮ, ಹೀಟು." ಎಲ್ಲರಿಗೂ ಹೀಟೇ. ಮಲಗಿದವನು ಟವೆಲ್‌ನಿಂದ ಮುಖ ಮುಚ್ಚಿಕೊಂಡ. ಡಾಕ್ಟರು ತಿಪಟೂರಿನಲ್ಲಿ ನಾಮಕರಣದ ಊಟಕ್ಕೆ ಹೋಗಿದ್ದರು.

ಮಧುಶ್ರೀ ಹೊರಗಿನಿಂದ ಓಡಿ ಬಂದಳು.

"ತಡೀರಿ ಸಿಸ್ಟರ್. ಇವ್ರ ಹೆಂಡ್ತಿ ಕಲ್ಲಮ್ಮ ಹೇಳ್ತಾವ್ರೆ... ಕೊಬ್ಬರಿ ಅಟ್ಟದಲ್ಲಿ ಕಾಲು ಜಾರಿ, ತೊಲೆ ಆಚೆಗೊಂದು ಈಚೆಗೊಂದು ಕಾಲಾಗಿ ಬಿದ್ರಂತೆ. ರಕ್ತ ಬಂದಿತ್ತಂತೆ. ಪಂಚೆ ಬದಲಾಯಿಸ್ಕೊಂಡು ಬಂದವ್ರೆ. ಪೈಪ್ ಹಾಕ್‌ಬಾರ್ದು, ತುಮಕೂರಿಗೆ ಕಳ್ಸೋಣ."

ಮೂತ್ರದ್ವಾರದ ತುದಿಯಲ್ಲಿ ಒಂದು ಹನಿ ರಕ್ತ ಇತ್ತು. ನೋಡಿದೆ. ಹತ್ತಿಯಲ್ಲಿ ಒರೆಸಿದೆ. "ನಾನು ಪೈಪ್ ಹಾಕೋಕೆ ಶುರು ಮಾಡ್ದಾಗ ನೀನು ಹುಟ್ಟೇ ಇರ್ಲಿಲ್ಲ ಕಣೇ" ಅಂದೆ.

ಒಳಗೆ ಏನೋ ತಡೆಯಿತು. ಒತ್ತಿದೆ. ಸಣ್ಣ ಸೈಜಿನದು ತಗೊಂಡು ಮತ್ತೆ ಒತ್ತಿದೆ. ಆತ ಕೂಗಿದ. ಗಂಡಸರು ಕೂಗೋದೇ ಹೀಗೆ ಅಂತ ಮೂರನೇ ಸಲವೂ...

ಚೀಲಕ್ಕೆ ಇಳಿದದ್ದು ಬರೀ ರಕ್ತ.

ಜೂನ್ 6, ಗುರುವಾರ

ನಿನ್ನೆಯೇ ಆಂಬುಲೆನ್ಸ್‌ನಲ್ಲಿ ತುಮಕೂರಿಗೆ. ಅಲ್ಲಿನ ಡಾಕ್ಟರ್ ಫೋನಿನಲ್ಲಿ ಉಗಿದರಂತೆ — ಬಿದ್ದಾಗ ಅರ್ಧ ಹರಿದಿದ್ದ ಮೂತ್ರನಾಳವನ್ನು ನೀವು ಪೂರ್ತಿ ಹರಿದಿದ್ದೀರಿ ಅಂತ. ಹೊಟ್ಟೆಗೆ ತೂತು ಮಾಡಿ ಪೈಪ್ ಇಟ್ಟಿದ್ದಾರೆ. ಮೂರು ತಿಂಗಳು ಬಿಟ್ಟು ಆಪರೇಷನ್.

ಕೇಸ್ ಶೀಟ್ ನೋಡಿದೆ. ಕ್ಯಾತೆಟರ್ ಹಾಕಿದವರು: ಮಧುಶ್ರೀ. ಡಾಕ್ಟರ್ ಬಸವಕುಮಾರರ ಅಕ್ಷರ. ಹೋಗಿ ಕೇಳಿದ್ದಕ್ಕೆ ಅವರಂದರು:

"ಹೊಸಬ್ರು ತಪ್ಪು ಮಾಡಿದ್ರು ಅಂದ್ರೆ ಜನ ನಂಬ್ತಾರೆ ಸಿಸ್ಟರ್. ನಿಮ್ಮ ಹೆಸ್ರು ಹೋದ್ರೆ ಆಸ್ಪತ್ರೆ ಹೆಸ್ರೂ ಹೋಗುತ್ತೆ."

ನಾಚಿಕೆಗೆಟ್ಟವನು. ಕೇಸ್ ಶೀಟನ್ನು ಇದ್ದ ಜಾಗದಲ್ಲೇ ಇಟ್ಟೆ. ಡ್ಯೂಟಿ ಮುಗಿಸಿ ಬಸ್ಸು ಹತ್ತಿದೆ.

ಜೂನ್ 14, ಶುಕ್ರವಾರ

ಎಂಟು ದಿನದಿಂದ ಬರೆದಿಲ್ಲ. ಕಾಡಸಿದ್ದಪ್ಪನ ಮನೆಯವರು ದೂರು ಕೊಟ್ಟಿದ್ದಾರೆ. ನಾಳೆ ವಿಚಾರಣೆ. ಮಧುಶ್ರೀಯ ನರ್ಸಿಂಗ್ ರಿಜಿಸ್ಟ್ರೇಷನ್ ಹೋದರೂ ಹೋಗಬಹುದಂತೆ.

ಪೈಪ್ ಹಾಕಿದ್ದು ಯಾರು ಅಂತ ಕಾಡಸಿದ್ದಪ್ಪನನ್ನು ಕೇಳಿದರೆ ಗೋಡೆ ಕಡೆ ತಿರುಗುತ್ತಾನಂತೆ. "ಮುಖ ಮುಚ್ಕೊಂಡಿದ್ದೆ, ಗೊತ್ತಿಲ್ಲ ಬುಡು." ಇಷ್ಟು ವರ್ಷ ಯಾವ ನಾಚಿಕೆಯನ್ನು ಆಡಿಕೊಂಡು ನಕ್ಕೆನೋ, ಈಗ ಅದರ ಮರೆಯಲ್ಲೇ ಅಡಗಿ ಕೂತಿದ್ದೀನಿ. ಡಾಕ್ಟರನ್ನು ಬೈಯೋಕೆ ನನಗೇನು ಯೋಗ್ಯತೆ?

ಜೂನ್ 15, ಬೆಳಗ್ಗೆ 8

ಮಧುಶ್ರೀ ಮನೆಗೇ ಬಂದಿದ್ದಾಳೆ. ಬೈಯೋಕೆ ಬಂದಳು ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹತ್ತು ಗಂಟೆಗೆ ಕರ್ದವ್ರೆ ಸಿಸ್ಟರ್... ನಾನು ಏನಂತ ಹೇಳ್ಲಿ?"

ನನ್ನನ್ನೇ ಕೇಳುತ್ತಾಳೆ! ಥೂ, ನನ್ನ ಜನ್ಮಕ್ಕೆ.

ಕಾಫಿ ಕೊಟ್ಟು ಕೂರಿಸಿದ್ದೀನಿ. ನೀನು ಏನೂ ಹೇಳಬೇಡ, ನಾನೇ ಬಂದು ಬರೆದುಕೊಡ್ತೀನಿ ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಅಲ್ಲಿ ತಡವರಿಸಬಾರದು, ಇಲ್ಲೇ ಒಂದು ಸಲ ಬರೆದು ನೋಡ್ತೀನಿ.

ದಿನಾಂಕ 5ರ ಮಧ್ಯಾಹ್ನ ಕಾಡಸಿದ್ದಪ್ಪನವರಿಗೆ ಕ್ಯಾತೆಟರ್ ಹಾಕಿದವಳು ನಾನು. ಬಿದ್ದ ವಿಷಯ ಮಧುಶ್ರೀ ಮೊದಲೇ ಹೇಳಿದ್ದಳು. ಬೇಡ ಅಂದಿದ್ದಳು. ಗೊತ್ತಿದ್ದೂ ನಾನು —